ಆ ಮಾತು ಮೊದಲು ಕಿವಿಗೆ ಬಿದ್ದದ್ದು ಎಂದು?

‘ನೀರು’ ಎಂಬ ಶಬ್ದವನ್ನು ನೀವು ಮೊದಲು ಕಲಿತದ್ದು ಯಾವಾಗ? ಹೇಳಿಕೊಟ್ಟವರು ಯಾರು? ಆಗ ನೀವು ಎಲ್ಲಿ ಕುಳಿತಿದ್ದಿರಿ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಹುಡುಕಿದರೂ ಸಿಗಲಾರರು. ‘ಅನ್ನ’, ‘ಬಾ’, ‘ಬೇಡ’, ‘ಹಾಲು’ ಎಂಬ ಮಾತುಗಳ ಕತೆಯೂ ಇಷ್ಟೇ. ಹುಟ್ಟುವಾಗಲೇ ಅವು ಬಾಯೊಳಗೆ ಇದ್ದುವೇನೋ ಎಂಬಷ್ಟು ಸಹಜವಾಗಿ ಮನುಷ್ಯ ಅವುಗಳನ್ನು ಬಳಸುತ್ತಾನೆ.

ಅದೇ ‘ಠಸ್ಸೆ’ ಎಂಬ ಶಬ್ದವನ್ನು ಕೇಳಿ ನೋಡಿ. ನಲವತ್ತು ದಾಟಿದವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಒಂದನೆಯ ಇಯತ್ತೆಯ ಗೋಡೆ, ಅದರ ಮೇಲೆ ತೂಗುಹಾಕಿದ ಅಕ್ಷರಮಾಲೆಯ ಪಟ, ಅದರಲ್ಲಿ ‘ಠ’ ಅಕ್ಷರದ ಪಕ್ಕದಲ್ಲಿದ್ದ ಮರದ ಹಿಡಿಯ ಒಂದು ವಸ್ತು, ಎಲ್ಲವೂ ಒಮ್ಮೆಗೇ ಕಣ್ಣಮುಂದೆ ಬರುತ್ತದೆ. ಆ ಪಟ ನೋಡುವ ಮೊದಲು ಠಸ್ಸೆಯನ್ನು ಕಂಡವರಿಲ್ಲ, ಕಂಡ ಮೇಲೂ ಹತ್ತು ಹದಿನೈದು ವರ್ಷ ಅದರ ಉಪಯೋಗ ಬೀಳಲಿಲ್ಲ. ಆದರೂ ಮರೆತಿಲ್ಲ. ದಿನಕ್ಕೆ ನೂರು ಬಾರಿ ಬಳಸುವ ಮಾತಿನ ಹುಟ್ಟು ನೆನಪಿಲ್ಲ, ಜೀವಮಾನದಲ್ಲಿ ನಾಲ್ಕು ಬಾರಿ ಬಳಸಿದ ಮಾತಿನ ಹುಟ್ಟು ನೆನಪಿದೆ. ಇದು ವಿಚಿತ್ರವಲ್ಲವೇ?

ಎಸ್ಟೋನಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ್ದ ಎಂಡೆಲ್ ಟುಲ್ವಿಂಗ್ ಎಂಬ ಮನೋವಿಜ್ಞಾನಿ 1972ರಲ್ಲಿ ನೆನಪನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ತಿಳಿವಳಿಕೆಯ ನೆನಪು. ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ ಎಂಬುದು ಗೊತ್ತಿದೆ, ಗೊತ್ತಾದದ್ದು ಯಾವಾಗ ಎಂದು ಗೊತ್ತಿಲ್ಲ. ಇನ್ನೊಂದು, ನಡೆದ ಘಟನೆಯ ನೆನಪು. ಇದರಲ್ಲಿ ಜಾಗ, ಹೊತ್ತು, ಜೊತೆಗಿದ್ದವರು, ಆಗಿನ ಮಳೆ ಬಿಸಿಲು ಎಲ್ಲವೂ ಅಂಟಿಕೊಂಡಿರುತ್ತವೆ. ಶಬ್ದಗಳು ಬಹುತೇಕ ಮೊದಲ ಬಗೆಯ ಉಗ್ರಾಣಕ್ಕೆ ಹೋಗಿ ಸೇರುತ್ತವೆ. ಯಾವ ಚೀಲದಲ್ಲಿ ಬಂದವು ಎಂಬುದು ಅಳಿಸಿಹೋಗುತ್ತದೆ. ಜೊತೆಗೆ, ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ಏನೂ ನೆನಪಿರುವುದಿಲ್ಲ. ಮನೆಮಾತಿನ ಮುಖ್ಯ ಶಬ್ದಗಳೆಲ್ಲ ಅಷ್ಟರೊಳಗೆ ಬಂದುಬಿಟ್ಟಿರುತ್ತವೆ. ಹೀಗಾಗಿ ಎರಡನೆಯ ಉಗ್ರಾಣದಲ್ಲಿ ಉಳಿಯುವುದು ತಡವಾಗಿ ಬಂದ ಶಬ್ದಗಳು, ವಿಚಿತ್ರವಾದವು, ಮತ್ತೆ ಎಲ್ಲರೂ ನಕ್ಕಾಗ ಬಂದವು.

‘ನೀರು’ ಎಂಬ ಮಾತು ಕಲಿತ ದಿನವನ್ನು ತಾರೀಖು ಸಮೇತ ಹೇಳಬಲ್ಲವರು ಲೋಕದಲ್ಲಿ ಒಬ್ಬರಿದ್ದರು. ಅಮೆರಿಕದ ಹೆಲೆನ್ ಕೆಲರ್. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಕಾಯಿಲೆಯಿಂದ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡವರು. 1887ರ ಏಪ್ರಿಲ್ 5ರಂದು, ಅವರಿಗೆ ಆರು ವರ್ಷ ಒಂಬತ್ತು ತಿಂಗಳಾಗಿದ್ದಾಗ, ಶಿಕ್ಷಕಿ ಆನ್ ಸಲಿವನ್ ಕೈಪಂಪಿನ ಕೆಳಗೆ ಮಗುವಿನ ಒಂದು ಕೈ ಹಿಡಿದು, ಇನ್ನೊಂದು ಅಂಗೈಯಲ್ಲಿ ‘ವಾಟರ್’ ಎಂಬುದರ ಐದು ಅಕ್ಷರಗಳನ್ನು ಬೆರಳಿನಿಂದ ಬರೆದರು. ಕೈಮೇಲೆ ಹರಿಯುವ ತಣ್ಣಗಿನ ವಸ್ತುವಿಗೂ ಅಂಗೈಯ ಗೀಚಿಗೂ ಸಂಬಂಧವಿದೆ ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ಆ ಹುಡುಗಿ ಆಮೇಲೆ ಸುಮ್ಮನಿರಲಿಲ್ಲ. ನೆಲವನ್ನು ಮುಟ್ಟಿ ಇದರ ಹೆಸರೇನು ಎಂದು ಕೇಳಿದಳು, ಪಂಪನ್ನು ಮುಟ್ಟಿ ಕೇಳಿದಳು, ಕೊನೆಗೆ ಶಿಕ್ಷಕಿಯನ್ನೇ ಮುಟ್ಟಿ ಕೇಳಿದಳು. ಅಪ್ಪ, ಅಮ್ಮ, ತಂಗಿ, ಟೀಚರ್ ಎಂಬ ಶಬ್ದಗಳೆಲ್ಲ ಆ ದಿನದವೇ. 1903ರಲ್ಲಿ ಪ್ರಕಟವಾದ ಅವರ ಆತ್ಮಕಥೆಯಲ್ಲಿ ಇದೆಲ್ಲ ಬಂದಿದೆ. ಕಾಯಿಲೆಗೆ ಮುಂಚೆ ಕಲಿತಿದ್ದ ‘ವಾ-ವಾ’ ಎಂಬ ತೊದಲು ಮಾತ್ರ ಅಷ್ಟು ವರ್ಷ ಅವರೊಳಗೆ ಉಳಿದುಕೊಂಡಿತ್ತಂತೆ. ಅದೂ ನೀರಿನದೇ ಹೆಸರು.

ಕೆಲರ್ ಅವರಿಗೆ ಒಂದೇ ದಿನದಲ್ಲಿ ಆದದ್ದು ಉಳಿದ ಮಕ್ಕಳಿಗೆ ತುಂಡು ತುಂಡಾಗಿ ಆಗುತ್ತದೆ. ಅದನ್ನು ನೋಡಬೇಕಾದರೆ ಭಟ್ಕಳ, ಹೊನ್ನಾವರ, ಕುಮಟಾಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವಿನ ಸಣ್ಣ ಪಟ್ಟಿಯಲ್ಲಿ ಹತ್ತು ಹಲವು ಮನೆಮಾತು. ಹವ್ಯಕರದೊಂದು ಕನ್ನಡ, ಹಾಲಕ್ಕಿ ಒಕ್ಕಲಿಗರದೊಂದು, ನಾಮಧಾರಿಗಳದೊಂದು. ಸಾರಸ್ವತರ ಕೊಂಕಣಿ ಬೇರೆ, ಖಾರ್ವಿಗಳದು ಬೇರೆ, ಕ್ರೈಸ್ತರದು ಬೇರೆ. ಭಟ್ಕಳದ ನವಾಯತರ ಮನೆಗಳಲ್ಲಿ ಕೊಂಕಣಿಗೆ ಹತ್ತಿರದ, ಆದರೆ ಅರಬ್ಬಿ ಪಾರಸಿ ಲಿಪಿಯಲ್ಲಿ ಬರೆಯುವ ನವಾಯತಿ. ಈ ಎಲ್ಲ ಮನೆಗಳ ಮಕ್ಕಳೂ ಜೂನ್ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು, ಪಾಟಿಚೀಲ ನೆನೆಯದಂತೆ ಎದೆಗವಚಿಕೊಂಡು ಶಾಲೆಗೆ ಬಂದು ಕೂರುತ್ತಿದ್ದರು. ಎದುರಿಗೆ ಅದೇ ಅಕ್ಷರಮಾಲೆಯ ಪಟ.

‘ಪಾಟಿ’, ‘ಇಯತ್ತೆ’ ಎಂಬ ಮಾತುಗಳನ್ನು ಓದಿ ಬೆಂಗಳೂರು ಮೈಸೂರಿನ ಓದುಗರು ಹುಬ್ಬೇರಿಸಬಹುದು. ಅಲ್ಲಿ ಸ್ಲೇಟು, ತರಗತಿ. ಈ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರವರೆಗೂ ಅದು ಅಲ್ಲೇ ಇತ್ತು. ಸರಕಾರದ ಒಂದು ಹುಕುಮಿನಿಂದ ಮಗುವಿನ ಚೀಲದೊಳಗಿನ ಕಲ್ಲಿನ ಹಲಗೆಯ ಹೆಸರೂ ಬದಲಾಯಿತು. ಗಡಿ ಮತ್ತೆ ಬದಲಾದಾಗ ಪಾಟಿ ಮಾತ್ರ ಪಾಟಿಯಾಗಿಯೇ ಉಳಿಯಿತು.

ಆ ಪಟಕ್ಕೆ ಮತ್ತೆ ಬರೋಣ. ‘ಅ’ ಅರಸ. ಅರಸನನ್ನು ಯಾವ ಮಗುವೂ ಕಂಡಿಲ್ಲ, ಆದರೆ ಕಿರೀಟ ಗೊತ್ತು. ‘ಇ’ ಇಲಿ. ಅದು ಅಡುಗೆ ಮನೆಯ ಅಟ್ಟದ ಮೇಲೇ ಇದೆ. ‘ಉ’ ಉಡ. ಬೇಣದಲ್ಲಿ ಕಂಡವರಿದ್ದಾರೆ. ‘ಒ’ ಎನ್ನುವಾಗ ಮಾತ್ರ ತೊಂದರೆ. ಒಂಟೆಗೂ ಕರಾವಳಿಗೂ ಏನು ಸಂಬಂಧ? ವರ್ಷಕ್ಕೆ ನೂರಿಪ್ಪತ್ತು ಇಂಚಿಗೂ ಹೆಚ್ಚು ಮಳೆ ಸುರಿಯುವ ನೆಲದಲ್ಲಿ ಕೂತು ಮರಳುಗಾಡಿನ ಪ್ರಾಣಿಯ ಹೆಸರಿನಿಂದ ಅಕ್ಷರ ಕಲಿಯಬೇಕು. ಅನೇಕ ಮಕ್ಕಳಿಗೆ ಅದು ಬೆನ್ನ ಮೇಲೆ ಗುಡ್ಡ ಹೊತ್ತ ದನ. ಭಟ್ಕಳದಲ್ಲಿ ಮಾತ್ರ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಅಪ್ಪನೋ ಮಾವನೋ ಕೊಲ್ಲಿ ದೇಶದಲ್ಲಿರುವ ಮನೆಗಳು ಬೇಕಾದಷ್ಟು. ದುಬೈಯಿಂದ ಬಂದ ಫೋಟೋದಲ್ಲಿ ಒಂಟೆಯನ್ನು ಕಂಡ ಹುಡುಗನಿಗೆ ಅದು ಪುಸ್ತಕದ ಪ್ರಾಣಿಯಲ್ಲ, ಅಪ್ಪನ ಊರಿನ ಪ್ರಾಣಿ.

ಇನ್ನು ‘ಖ’. ಖಡ್ಗ. ಮಹಾಪ್ರಾಣದ ಶಬ್ದ, ದಿನಬಳಕೆಯಲ್ಲಿ ಇಲ್ಲದ ವಸ್ತು. ಬೇರೆ ಕಡೆಯ ಮಕ್ಕಳಿಗೆ ಇದು ಠಸ್ಸೆಯಷ್ಟೇ ಅಪರಿಚಿತ ಇದ್ದೀತು. ಹೊನ್ನಾವರ ಕುಮಟಾದ ಮಕ್ಕಳಿಗೆ ಹಾಗಲ್ಲ. ಶಾಲೆಗೆ ಹೋಗುವ ಮೊದಲೇ ಅವರು ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಕೂತು ರಾತ್ರಿಯಿಡೀ ಯಕ್ಷಗಾನ ನೋಡಿದವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇದೇ ಹೊನ್ನಾವರ ತಾಲೂಕಿನದು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲೂಕಿನವರು. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಶಬ್ದ ನುಸುಳಬಾರದು ಎಂಬ ಕಟ್ಟು ಇದೆ. ಪಾತ್ರಧಾರಿ ಬಾಯಿ ತಪ್ಪಿ ‘ಟೈಮು’ ಎಂದರೆ ಸಭೆಯೇ ನಗುತ್ತದೆ. ಇದರಿಂದಾಗಿ ಅಕ್ಷರ ಬಾರದ ಮನೆಯ ಹುಡುಗನೂ ‘ಪರಾಕ್ರಮ’, ‘ಪ್ರತಿಜ್ಞೆ’, ‘ಭೂಮಂಡಲ’, ‘ಅಪ್ಪಣೆ’, ‘ನಿಸ್ಸಂಶಯ’ ಎಂಬ ಮಾತುಗಳನ್ನು ಚೆಂಡೆಯ ಪೆಟ್ಟಿನ ಜೊತೆಗೇ ಕಲಿತ. ಮರುದಿನ ಗೇರು ಹಕ್ಕಲಿನಲ್ಲಿ ಕೋಲು ಹಿಡಿದು ‘ಎಲವೋ ಅಧಮ!’ ಎಂದು ತಮ್ಮನ ಮೇಲೆ ಏರಿ ಹೋದ. ಅಧಮ ಅಂದರೇನು ಎಂದು ಅವನಿಗೆ ಗೊತ್ತಿರಲಿಲ್ಲ, ತಮ್ಮನಿಗೂ ಗೊತ್ತಿರಲಿಲ್ಲ. ಆದರೆ ಅದು ಬೈಗುಳ ಎಂಬುದು ಇಬ್ಬರಿಗೂ ಖಾತ್ರಿ ಇತ್ತು, ತಮ್ಮ ಅತ್ತ. ಶಬ್ದಕೋಶ ಇಲ್ಲದೆ ಅರ್ಥ ಹಿಡಿಯುವುದು ಎಂದರೆ ಇದೇ. ಶಾಲೆಯಲ್ಲಿ ‘ಖ’ ಬಂದಾಗ ಆ ಹುಡುಗನಿಗೆ ಪಟದ ಚಿತ್ರ ಬೇಕಾಗಲಿಲ್ಲ.

ಈಗಿನ ಪಾಲಕರು ಮಕ್ಕಳ ಶಬ್ದಸಂಪತ್ತು ಹೆಚ್ಚಿಸಲು ಬಣ್ಣದ ಕಾರ್ಡುಗಳ ಪೆಟ್ಟಿಗೆ ತರುತ್ತಾರೆ. ತರಲಿ, ತಪ್ಪೇನಿಲ್ಲ. ಒಂದು ರಾತ್ರಿಯ ಆಟಕ್ಕೂ ಕರೆದುಕೊಂಡು ಹೋಗಬಹುದು.

ಪಟದಲ್ಲಿಲ್ಲದ ತೊಡಕು ಇನ್ನೊಂದಿದೆ. ಅದು ಮನೆಯ ಮಾತು ಶಾಲೆಯ ಮಾತಿಗೆ ಡಿಕ್ಕಿ ಹೊಡೆಯುವ ತೊಡಕು. ಇಲ್ಲಿನ ಅನೇಕ ಹವ್ಯಕ ಮನೆಗಳಲ್ಲಿ ತಾಯಿಗೆ ‘ಆಯಿ’ ಎನ್ನುತ್ತಾರೆ, ‘ಅಮ್ಮ’ ಎಂದರೆ ಅಜ್ಜಿ. ಆ ಮನೆಯ ಮಗು ಶಾಲೆಗೆ ಬಂದು ಅಮ್ಮ ಮಗುವಿಗೆ ಹಾಲು ಕುಡಿಸುವ ಪಾಠ ಓದಿದರೆ ಅದಕ್ಕೆ ಆಶ್ಚರ್ಯವಾಗದೆ ಇರುತ್ತದೆಯೇ? ಇನ್ನು ‘ಕೂಸು’. ಪುಸ್ತಕದಲ್ಲಿ ಅದು ತೊಟ್ಟಿಲ ಮಗು. ಮನೆಯಲ್ಲಿ ಗಂಡು ಹುಡುಗ ‘ಮಾಣಿ’, ಹೆಣ್ಣು ಹುಡುಗಿ ‘ಕೂಸು’. ಮದುವೆಗೆ ಬಂದ ಹುಡುಗಿಯೂ ಕೂಸೇ. ನೆಂಟರು ಬಂದಾಗ ‘ಆಸರಿಗೆ ಬೇಕಾ?’ ಎಂದು ಕೇಳುವುದನ್ನು ದಿನವೂ ಕೇಳಿ ಬೆಳೆದ ಮಗುವಿಗೆ ಪಾನೀಯ ಎಂಬ ಶಬ್ದ ಸಿಗುವುದು ಐದನೆಯ ಇಯತ್ತೆಯಲ್ಲಿ. ಎರಡೂ ಒಂದೇ ಎಂದು ಹೇಳಿಕೊಡುವವರು ಇದ್ದರೆ ಒಳ್ಳೆಯದು. ಇಲ್ಲವಾದರೆ ಮಗು ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬರುತ್ತದೆ: ಶಾಲೆಯದು ಸರಿ, ಮನೆಯದು ತಪ್ಪು.

ಕನ್ನಡದ ಒಳಗೇ ಹೀಗಾದರೆ ಕೊಂಕಣಿ, ನವಾಯತಿ ಮಕ್ಕಳ ಪಾಡು ಕೇಳಬೇಕೇ? ಮನೆಯಲ್ಲಿ ‘ಉದ್ದಾಕ’, ಶಾಲೆಯಲ್ಲಿ ‘ನೀರು’. ಹೊಳೆಯಲ್ಲಿ ‘ಭರತಿ-ಸುಕತಿ’, ಪುಸ್ತಕದಲ್ಲಿ ‘ಉಬ್ಬರ-ಇಳಿತ’. ಭಟ್ಕಳದ ಮಗುವಿಗೆ ಮನೆಯಲ್ಲಿ ನವಾಯತಿ, ಮದರಸಾದಲ್ಲಿ ಅರಬ್ಬಿ, ಶಾಲೆಯಲ್ಲಿ ಉರ್ದುವೋ ಇಂಗ್ಲಿಷೋ, ಪೇಟೆಯಲ್ಲಿ ಕನ್ನಡ. ಇಂಥ ಮಕ್ಕಳಿಗೆ ‘ನೀರು’ ಕಲಿತ ದಿನ ನೆನಪಿರುವ ಸಾಧ್ಯತೆ ಉಂಟು. ಕನ್ನಡದವರಿಗೆ ಇಲ್ಲದ ಒಂದು ಸಿರಿ ಅದು ಎನ್ನಬೇಕು. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು, ಗೋಕರ್ಣದ ಗೌರೀಶ ಕಾಯ್ಕಿಣಿ, ಅವರ ಮಗ ಜಯಂತ ಕಾಯ್ಕಿಣಿ ಎಲ್ಲರ ಮನೆಮಾತೂ ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು, ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ಮನೆಯಲ್ಲಿ ಮತ್ತೆ ಕೊಂಕಣಿ. ಒಂದೊಂದು ಕನ್ನಡ ಶಬ್ದವನ್ನೂ ಹೊರಗಿನಿಂದ ಬಂದು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ತೂಕ ಹೆಚ್ಚು ಗೊತ್ತಾಗುತ್ತದೆಯೋ ಏನೋ.

ಆದರೆ ಆ ಹಿಡಿದು ನೋಡುವ ಗಳಿಗೆಯಲ್ಲಿ ಯಾರೂ ನಗಬಾರದು. ಎಷ್ಟೋ ಜನರನ್ನು ಬಾಲ್ಯದ ಶಬ್ದಗಳ ಬಗ್ಗೆ ಕೇಳಿದರೆ ಮೊದಲು ಹೊರಬರುವುದು ನಕ್ಕ ಪ್ರಸಂಗವೇ. ಅಕ್ಕೋರು ಕಿಟಕಿಯ ಕಡೆ ಬೆರಳು ಮಾಡಿ ‘ಇದೇನು?’ ಎಂದಾಗ ‘ಜನೇಲು’ ಎಂದದ್ದಕ್ಕೆ ನಕ್ಕರು. ಅಂಗಡಿಯಲ್ಲಿ ‘ಬಟಾಟೆ ಕೊಡಿ’ ಎಂದದ್ದಕ್ಕೆ ಘಟ್ಟದ ಮೇಲಿನವರು ನಕ್ಕರು. ಬೀಗದ ಕೈಗೆ ‘ಚಾವಿ’ ಎಂದದ್ದಕ್ಕೆ, ಸಂಬಳಕ್ಕೆ ‘ಪಗಾರ’ ಎಂದದ್ದಕ್ಕೆ ನಕ್ಕರು. ನಕ್ಕವರು ಮರೆತರು, ನಗಿಸಿಕೊಂಡವರು ಐವತ್ತು ವರ್ಷವಾದರೂ ಮರೆತಿಲ್ಲ. ಹಾಗೆ ನಗಿಸಿಕೊಂಡ ಮಗು ಮುಂದಿನ ಪ್ರಶ್ನೆಗೆ ಕೈ ಎತ್ತುವುದಿಲ್ಲ. ಉತ್ತರ ಗೊತ್ತಿದ್ದರೂ ಎತ್ತುವುದಿಲ್ಲ.

ನಗುವವರಿಗೆ ಗೊತ್ತಿಲ್ಲದ ಮಾತೊಂದಿದೆ. ಚಾವಿ, ಪಗಾರ, ಜನೇಲು, ಬಾಲ್ದಿ, ಇಸ್ತ್ರಿ, ಅನಾನಸು, ಬಟಾಟೆ ಇವೆಲ್ಲ ಪೋರ್ತುಗೀಜರ ಹಡಗಿನಲ್ಲಿ ಬಂದ ಶಬ್ದಗಳು. ಹದಿನಾರನೆಯ ಶತಮಾನದಲ್ಲಿ ಅವರು ಹೊನ್ನಾವರಕ್ಕೆ ‘ಒನೋರ್’ ಎಂದು ಹೆಸರಿಟ್ಟು ಕೋಟೆಯಲ್ಲಿ ಕೂತಿದ್ದರು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ‘ಬಟಾಟೆ’ ಮೂಲತಃ ಕೆರಿಬಿಯನ್ ದ್ವೀಪಗಳ ಮಾತು. ಅಲ್ಲಿಂದ ಯುರೋಪು, ಅಲ್ಲಿಂದ ಗೋವೆ, ಅಲ್ಲಿಂದ ಕುಮಟೆಯ ಸಂತೆ. ಇಷ್ಟು ದೂರ ಸಮುದ್ರ ದಾಟಿ ಬಂದ ಶಬ್ದ ಒಂದು ಮಗುವಿನ ಬಾಯಿಂದ ಹೊರಟಾಗ ಅದನ್ನು ಹಳ್ಳಿ ಮಾತು ಎಂದು ನಗುವುದು ತಿಳಿಗೇಡಿತನ. ‘ಮೆಣಸಿನಕಾಯಿ’ ಎಂಬ ಹೆಸರಿನ ಗುಟ್ಟೂ ಇದೇ. ಮೆಣಸು ಈ ಘಟ್ಟದ್ದು, ಕಾಯಿ ಅಮೆರಿಕದ್ದು. ಹೊಸದಾಗಿ ಬಂದ ಖಾರದ ಕಾಯಿಗೆ ಇಲ್ಲಿಯ ಜನ ತಮ್ಮ ಹಳೆಯ ಖಾರದ ಹೆಸರನ್ನೇ ಹಚ್ಚಿದರು. ಮಕ್ಕಳು ಒಂಟೆಗೆ ಗುಡ್ಡದ ದನ ಎಂದದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಕಲಿಕೆಯ ವಿಷಯದಲ್ಲಿ ಈ ಕರಾವಳಿ ಸಣ್ಣದೇನಲ್ಲ. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದುವೆಂದೂ, ಇಂಥದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಬರೆದಿದ್ದಾನೆ. ಅಲ್ಲಿನ ಹೆಂಗಸರು ಕುರಾನನ್ನು ಬಾಯಿಪಾಠ ಬಲ್ಲವರಾಗಿದ್ದರಂತೆ. ಸುಮಾರು ಏಳುನೂರು ವರ್ಷಗಳ ಹಿಂದೆ ಶರಾವತಿಯ ದಡದಲ್ಲಿ ಒಬ್ಬ ಪುಟ್ಟ ಹುಡುಗಿ ಮನೆಯಲ್ಲಿ ಯಾವ ಮಾತಾಡುತ್ತಿದ್ದಳು, ಅರಬ್ಬಿಯ ಮೊದಲ ಶಬ್ದ ಅವಳ ಕಿವಿಗೆ ಹೇಗೆ ಕೇಳಿಸಿತು? ಬತೂತ ಅದನ್ನು ಬರೆಯಲಿಲ್ಲ. ಪ್ರವಾಸಿಗಳು ಶಾಲೆ ಎಣಿಸುತ್ತಾರೆ, ಮಕ್ಕಳನ್ನು ಮಾತಾಡಿಸುವುದು ಕಡಿಮೆ.

ಭಟ್ಕಳ ತಾಲೂಕಿನ ಹಾಡುವಳ್ಳಿಯ ಹೆಸರನ್ನು ಎಷ್ಟು ವಿದ್ಯಾರ್ಥಿಗಳು ಕೇಳಿದ್ದಾರೋ ಗೊತ್ತಿಲ್ಲ. ಅಲ್ಲಿನ ಜೈನ ಮಠದ ಅಕಲಂಕದೇವರ ಶಿಷ್ಯ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ವ್ಯಾಕರಣವನ್ನು ಬರೆದ. 592 ಸೂತ್ರಗಳು. ವಿಷಯ ಕನ್ನಡ, ಬರೆದ ಭಾಷೆ ಸಂಸ್ಕೃತ. ಕನ್ನಡಕ್ಕೆ ಶಾಸ್ತ್ರದ ಯೋಗ್ಯತೆ ಇಲ್ಲ ಎನ್ನುತ್ತಿದ್ದ ಪಂಡಿತರಿಗೆ ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟಂತಾಯಿತು. ಮನೆಯ ಮಾತು ಮೇಲೋ ಶಾಲೆಯ ಮಾತು ಮೇಲೋ ಎಂಬ ಜಗಳ ಇಂದು ನಿನ್ನೆಯದಲ್ಲ ಎಂದಾಯಿತು.

ಕೆಲವು ಶಬ್ದಗಳು ವಸ್ತುವಿಗಿಂತ ಮೊದಲು ಬರುತ್ತವೆ. ಈ ಮೂರು ತಾಲೂಕುಗಳಲ್ಲಿ ‘ರೈಲು’ ಅಂಥ ಶಬ್ದ. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 1998ರ ಜನವರಿ 26ರಂದು. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಆ ಮಾರ್ಗದಲ್ಲೇ ಅತಿ ದೊಡ್ಡದು. ಅದಕ್ಕೆ ಮುಂಚಿನ ಮಕ್ಕಳು ರೈಲನ್ನು ಪುಸ್ತಕದಲ್ಲಿ ಕಲಿತರು, ಒಬ್ಬರ ಹಿಂದೆ ಒಬ್ಬರು ಅಂಗಿ ಹಿಡಿದು ‘ಚುಕುಬುಕು’ ಎನ್ನುತ್ತ ಓಡಿದರು, ಮುಂದಿದ್ದವ ಬಾಯಲ್ಲಿ ಕೂ ಎಂದ. ಎಷ್ಟೋ ಅಜ್ಜಂದಿರು ರೈಲು ಕಾಣದೆಯೇ ತೀರಿಕೊಂಡರು. ಕೊನೆಗೆ ಬಂದ ರೈಲಿಗೆ ಉಗಿಯೇ ಇರಲಿಲ್ಲ, ಅದು ಡೀಸೆಲ್ಲಿನದು. 2022ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ತು ಬಂತು. ಕುಮಟಾ ಭಟ್ಕಳದ ಮಕ್ಕಳು ಇಂದಿಗೂ ಚುಕುಬುಕು ಎನ್ನುತ್ತಲೇ ಆಡುತ್ತಾರೆ. ಆ ಸದ್ದು ಈ ಹಳಿಯ ಮೇಲೆ ದಿನದ ಗಾಡಿಯಲ್ಲಿ ಎಂದೂ ಕೇಳಿಬಂದದ್ದಿಲ್ಲ.

ಇನ್ನು ಕೆಲವು, ತಾರೀಖು ಹೊತ್ತುಕೊಂಡೇ ಬರುತ್ತವೆ. 2004ರ ಡಿಸೆಂಬರ್ 26ಕ್ಕೆ ಮುಂಚೆ ‘ಸುನಾಮಿ’ ಎಂದರೆ ಕನ್ನಡದ ಎಷ್ಟು ಮಕ್ಕಳಿಗೆ ಗೊತ್ತಿತ್ತು? ಮರುದಿನದ ಪತ್ರಿಕೆಯಲ್ಲಿ ಅದು ಬಂತು, ಸಂಜೆಯ ಹೊತ್ತಿಗೆ ಸಮುದ್ರದ ಅಂಚಿನ ಪ್ರತಿ ಮನೆಯಲ್ಲೂ ಇತ್ತು. 2020ರ ಮಾರ್ಚಿನಲ್ಲಿ ‘ಲಾಕ್‌ಡೌನ್’, ‘ಕ್ವಾರಂಟೈನ್’ ಬಂದವು. ಆಗ ಬಾಲವಾಡಿಯಲ್ಲಿದ್ದ ಮಗುವಿಗೆ ಅಣ್ಣ ಅಕ್ಕಂದಿರಿಗಿಂತ ಮೊದಲೇ ‘ಮಾಸ್ಕ್’ ಎಂಬ ಶಬ್ದ ಬಂತು. ಮೂವತ್ತು ವರ್ಷಗಳ ನಂತರ ಅವರನ್ನು ಕೇಳಿದರೆ ಮನೆಯ ಯಾವ ಮೂಲೆಯಲ್ಲಿ ಕೂತು ಕೇಳಿದ್ದು ಎಂದೂ ಹೇಳಿಯಾರು.

ವಸ್ತು ಹೋದ ಮೇಲೆ ಶಬ್ದವೂ ಹೋಗುತ್ತದೆ. ದಡದಲ್ಲಿ ನಿಂತು ಊರಿಗೆ ಊರೇ ಎಳೆಯುತ್ತಿದ್ದ ‘ರಂಪಣಿ’ ಬಲೆಯ ಹೆಸರು ಮೀನುಗಾರರ ಮಕ್ಕಳಿಗೆ ಹಾಲಿನ ಜೊತೆ ಬಂದ ಶಬ್ದವಾಗಿತ್ತು. 1970ರ ದಶಕದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅಘನಾಶಿನಿಯ ಉಪ್ಪುನೀರು ನುಗ್ಗುವ ಗದ್ದೆಗಳಿಗೆ ‘ಗಜನಿ’ ಎಂದು ಹೆಸರು. ಆ ಉಪ್ಪನ್ನು ತಡೆದುಕೊಂಡು ಎತ್ತರಕ್ಕೆ ಬೆಳೆಯುವ ಭತ್ತ ‘ಕಗ್ಗ’. ಮಾಣಿಕಟ್ಟೆಯ ರೈತರು ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಬಹಳಷ್ಟು ಗಜನಿಗಳು ಸಿಗಡಿ ಕೃಷಿಗೆ ಹೋದವು. ಕಗ್ಗದ ಅನ್ನ ಉಂಡು ಬೆಳೆದ ಹುಡುಗ ಹೈಸ್ಕೂಲಿನಲ್ಲಿ ಮೊದಲ ಬಾರಿಗೆ ‘ಮಂಕುತಿಮ್ಮನ ಕಗ್ಗ’ ಎಂದು ಕೇಳಿದಾಗ, ಡಿ.ವಿ.ಜಿ.ಯವರಿಗೂ ಗಜನಿ ಇತ್ತೇ ಎಂದು ಯೋಚಿಸಿದರೆ ಅದು ಅವನ ತಪ್ಪಲ್ಲ. 1943ರಲ್ಲಿ ಬಂದ ಆ ಪುಸ್ತಕದ ಹೆಸರಿಗೆ ಅರ್ಥ ಬೇರೆ ಎಂದು ಮಾಸ್ತರು ವಿವರಿಸಿದರೆ ಸಾಕು. ‘ನಿನ್ನ ಕಗ್ಗ ಹೇಗಿರುತ್ತದೆ, ನೀನು ಹೇಳು’ ಎಂದು ತಿರುಗಿ ಕೇಳಿದರೆ ಇನ್ನೂ ಒಳ್ಳೆಯ ಮಾಸ್ತರು. ನೆರೆಯ ಅಂಕೋಲೆಯ ತುಳಸಿ ಗೌಡರು ಶಾಲೆ ಕಂಡವರಲ್ಲ. ಕಾಡಿನ ಗಿಡಮರಗಳ ಹೆಸರು, ಬೀಜ, ಮೊಳೆಯುವ ಹೊತ್ತು ಎಲ್ಲ ಬಲ್ಲವರೆಂದು 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಹೆಸರುಗಳಲ್ಲಿ ಎಷ್ಟು ಯಾರ ಕಿವಿಗೆ ದಾಟಿದವೋ.

ಮಗುವಿನ ಕಿವಿಯ ಶಕ್ತಿ ಸಾಮಾನ್ಯದ್ದಲ್ಲ. 1978ರಲ್ಲಿ ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್ಲೆಟ್ ಒಂದು ಶಿಶುವಿಹಾರದಲ್ಲಿ ಪರೀಕ್ಷೆ ನಡೆಸಿದರು. ಮೂರು ನಾಲ್ಕು ವರ್ಷದ ಮಕ್ಕಳಿಗೆ, ಆಟದ ನಡುವೆ ಸುಮ್ಮನೆ, ಆ ನೀಲಿ ತಟ್ಟೆ ಬೇಡ, ‘ಕ್ರೋಮಿಯಂ’ ತಟ್ಟೆ ತಾ ಎಂದು ಹೇಳಿಸಿದರು. ತಟ್ಟೆಯ ಬಣ್ಣ ಕಂದುಹಸಿರು. ಆ ಬಣ್ಣಕ್ಕೆ ಹಾಗೆ ಹೆಸರಿಟ್ಟದ್ದೇ ಪರೀಕ್ಷೆಗಾಗಿ. ಪಾಠ ಮಾಡಲಿಲ್ಲ, ಅರ್ಥ ಹೇಳಲಿಲ್ಲ. ಕೆಲವು ವಾರಗಳ ಅನಂತರ ನೋಡಿದರೆ ಅನೇಕ ಮಕ್ಕಳ ಮನಸ್ಸಿನಲ್ಲಿ ಆ ಶಬ್ದ ಬಣ್ಣದ್ದು ಎಂಬ ಗುರುತು ಉಳಿದಿತ್ತು. ಬೆರಳೆಣಿಕೆಯಷ್ಟು ಸಲ ಕಿವಿಗೆ ಬಿದ್ದರೂ ಸಾಕು. ಮನೆಯಲ್ಲಿ ಸಿಟ್ಟಿನಲ್ಲಿ ಒಮ್ಮೆ ಆಡಿದ ಮಾತೂ ಇದೇ ದಾರಿಯಲ್ಲಿ ಒಳಗೆ ಹೋಗುತ್ತದೆ ಎಂಬುದನ್ನು ಪಾಲಕರಿಗೆ ಬೇರೆ ಹೇಳಬೇಕಾಗಿಲ್ಲ. ‘ದಡ್ಡ’ ಎಂಬ ಶಬ್ದವನ್ನು ಎಲ್ಲಿ ಕಲಿತೆ ಎಂದು ದೊಡ್ಡವರನ್ನು ಕೇಳಿದರೆ ಕೆಲವರು ಸುಮ್ಮನಾಗುತ್ತಾರೆ.

ಮಾಧ್ಯಮದ ಚರ್ಚೆ ಕೋರ್ಟಿನಲ್ಲಿ ಒಂದು ಹಂತಕ್ಕೆ ಬಂದಿದೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಸರಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಹೇಳಿತು. ಮಗುವಿನ ಮಾತೃಭಾಷೆ ಯಾವುದು ಎಂದು ತೀರ್ಮಾನಿಸುವವರು ತಂದೆತಾಯಿಯೇ ಎಂದೂ ಹೇಳಿತು. ಆದ್ದರಿಂದ ಕುಮಟೆಯ ಮಗು ಇಂಗ್ಲಿಷ್ ಶಾಲೆಗೆ ಹೋಗುವುದು ಬಿಡುವುದು ಮನೆಯವರಿಗೆ ಬಿಟ್ಟದ್ದು. ಕೋರ್ಟಿನ ಮುಂದೆ ಬಾರದ ಪ್ರಶ್ನೆ ಇನ್ನೊಂದಿದೆ. ಶಾಲೆಯಲ್ಲಿ ಇಂಗ್ಲಿಷ್ ಬರಲಿ ಎಂದು ಅಡುಗೆ ಮನೆಯಲ್ಲೂ ‘ವಾಟರ್ ಕುಡಿ, ರೈಸ್ ತಿನ್ನು’ ಎನ್ನುವ ಆಯಂದಿರು ಈಗ ಈ ಕಡೆಯೂ ಹೆಚ್ಚಿದ್ದಾರೆ. ಅವರ ಕಷ್ಟ ಅರ್ಥವಾಗುವಂಥದು. ತಮ್ಮನ್ನು ನೋಡಿ ನಕ್ಕಂತೆ ಮಗುವನ್ನು ನೋಡಿ ಯಾರೂ ನಗಬಾರದು ಎಂಬ ಆಸೆ. ಹೆಲೆನ್ ಕೆಲರ್ ಅವರಿಗೆ ‘ವಾಟರ್’ ಸಿಕ್ಕಿದ್ದು ಕೈಮೇಲೆ ನೀರು ಹರಿಯುತ್ತಿದ್ದಾಗ. ಈ ಮಗುವಿಗೆ ಅದು ಸಿಗುವುದು ಕೊಡಪಾನ, ಹಂಡೆ, ಬಚ್ಚಲು, ಹಳ್ಳ, ಜರಿ ಎಲ್ಲವನ್ನೂ ಬಿಟ್ಟುಕೊಟ್ಟ ಮೇಲೆ.

ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಎಂಬುದು ಇರಾನಿನ ಒಂದು ಊರು, ಜೌಗು ಪ್ರದೇಶಗಳ ರಕ್ಷಣೆಗೆ 1971ರಲ್ಲಿ ಅಲ್ಲಿ ಒಪ್ಪಂದವಾಯಿತು. ರಸಪ್ರಶ್ನೆಗೆ ತಯಾರಾಗುವ ಕುಮಟೆಯ ಮಕ್ಕಳು ಈ ಶಬ್ದವನ್ನು ಈಗ ಬಾಯಿಪಾಠ ಮಾಡುತ್ತಾರೆ, ಮಾಡಬೇಕಾದದ್ದೇ. ಅದೇ ಅಳಿವೆಯಲ್ಲಿ ನೀರು ಇಳಿದಾಗ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೆಂಗಸರು ಕೆಸರಿನಿಂದ ‘ಬಳಚು’ ಆಯುತ್ತಾರೆ. ಅವರಲ್ಲಿ ಅದೇ ಮಕ್ಕಳ ಅಜ್ಜಿಯಂದಿರೂ ಇದ್ದಾರೆ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಅಂಥ ಒಬ್ಬರ ಹತ್ತಿರ ಕೂತು, ‘ಅಜ್ಜೀ, ರೈಲು ಅಂತ ನೀ ಮೊದಲು ಕೇಳಿದ್ದು ಯಾವಾಗ? ಬಟಾಟೆ ಮೊದಲು ತಿಂದದ್ದು ಎಲ್ಲಿ? ಬಳಚಿನಲ್ಲಿ ಯಾವ್ಯಾವ ಜಾತಿ ಉಂಟು?’ ಎಂದು ಕೇಳಬಹುದು. ಒಂದು ಹಳೆಯ ನೋಟು ಪುಸ್ತಕ, ಒಂದು ಪೆನ್ಸಿಲು ಇದ್ದರೆ ಸಾಕು. ‘ಅದೆಲ್ಲ ಎಲ್ಲಿ ನೆಂಪಿರ್ತದೆ ಮಾರಾಯ’ ಎಂಬುದೇ ಹೆಚ್ಚಾಗಿ ಮೊದಲ ಉತ್ತರ. ಆಮೇಲೆ ಸ್ವಲ್ಪ ಹೊತ್ತು ಕಾಯಬೇಕು.